ಸದ್ದಿಲ್ಲದ ಕೋಣೆಗೆ ಆರಿಸಿದ ಬೋರ್ಡು

ಭಾನುವಾರ ಭೂಮಿ ಮನೆಗೆ ಬಂದಾಗ ನಮ್ಮ ಮಗ್ಗದ ಸದ್ದು ಅವಳ ಕಿವಿಗೆ ಬಿದ್ದರೆ ಏನು ಮಾಡಲಿ? ವಾರವಿಡೀ ನನ್ನನ್ನು ಕೊರೆದ ಚಿಂತೆ ಇಷ್ಟೇ. ಅಕ್ಕಪಕ್ಕದ ಮನೆಗಳ ಸದ್ದು ಕೇಳಿದರೆ ಕೇಳಲಿ, ನಮ್ಮ ಸಿರುಮುಗೈ ನೇಕಾರರ ಊರು, ಹಾಗೇ ಎನ್ನಬಹುದು. ನಮ್ಮದು ಮಾತ್ರ ಕೇಳಬಾರದು.

ಭೂಮಿ ದಾವಣಗೆರೆಯವಳು. ಕುರಿಚಿಯ ಪಂಪ್ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಅವಳದು ನನ್ನ ಪಕ್ಕದ ಮೇಜು. ಮನೆಯಲ್ಲಿ ತಮಿಳು ಬೆರೆತ ಕನ್ನಡ ಆಡಿದರೂ ಓದಿದ್ದು ತಮಿಳು ಶಾಲೆಯಲ್ಲಿ, ನನಗೆ ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ತಿದ್ದಿಸಿದವಳು ಅವಳೇ. “ಮನೇಲಿ ಏನ್ ಮಾಡ್ತಾರೆ ಗೋಕಿಲಾ?” ಎಂದು ಕೇಳಿದಾಗ “ಸಿಲ್ಕ್ ಸ್ಯಾರಿ ಬಿಸಿನೆಸ್” ಎಂದುಬಿಟ್ಟೆ. ಅವಳ ಕಣ್ಣಲ್ಲಿ ಗಾಜಿನ ಬಾಗಿಲಿನ ಅಂಗಡಿಯೊಂದು ಎದ್ದು ನಿಂತಿತು. ನಾನು ಅದನ್ನು ಕೆಡವಲಿಲ್ಲ.

ನಮ್ಮಮ್ಮ ನೇಯುತ್ತಾಳೆ. ಕಾಲು ಮಗ್ಗದ ಕುಳಿಯೊಳಗೆ, ಒಂದು ಕೈ ಲಾಳಿಯ ಹಗ್ಗದಲ್ಲಿ, ಇನ್ನೊಂದು ಎಳೆ ಬಡಿಯುವ ಹಲಗೆಯ ಮೇಲೆ. ಬಟ್ಟೆ ಚೀಲದಲ್ಲಿ ಕಿವಿಯ ಬಳಿಯೇ ನೇತುಹಾಕಿದ ಫೋನು ಹಾಡುತ್ತಿರುವಾಗ ಯಾರದಾದರೂ ಕರೆ ಬಂದರೆ ಹಾಡು ನಿಂತುಹೋಗುತ್ತದೆ. ಮತ್ತೆ ಹಾಕಲು ಅವಳಿಗೆ ಕೈ ಬಿಡುವಿಲ್ಲ. “ನೀನು ಎಲೆಕ್ಟ್ರಾನಿಕ್ಸ್ ಓದ್ದೋಳಲ್ವಾ ಕಣ್ಣು? ಫೋನ್ ಮುಟ್ಟದೇ ದಿನಪೂರ್ತಿ ಹಾಡೋ ಹಂಗೆ ಏನಾರ ಮಾಡ್ಕೊಡು” ಎಂದಳು. ಮುದ್ದಿಗೆ ಅವಳು ನನ್ನನ್ನು ಕರೆಯುವುದೇ ‘ಕಣ್ಣು’ ಎಂದು. ನಾನು ಡಿಗ್ರಿ ಮುಗಿಸಿದ ಮೇಲೆ ಅಮ್ಮ ನನ್ನನ್ನು ಕೇಳಿದ್ದು ಅದೊಂದೇ.

ಅಮ್ಮನ ಹಾಡಿಗೆ ಯಾವ ಬೋರ್ಡು ತರಲಿ ಎಂದು ಭೂಮಿಯನ್ನೇ ಕೇಳಿದೆ. ಅಂಗೈಯಗಲದ ಕಂಪ್ಯೂಟರ್ ಬೋರ್ಡುಗಳೆಂದರೆ ಅವಳಿಗೆ ಹುಚ್ಚು.

“ಹಾಡಿಗಷ್ಟೇ ತಾನೆ? ದೊಡ್ಡದು ದಂಡ. ಅದು ಬಿಸಿಯಾಗುತ್ತೆ, ಫ್ಯಾನ್ ಬೇಕು. ಚಿಕ್ಕದು ಸಾಕು, ದಿನವಿಡೀ ಇಟ್ರೂ ಝೀರೋ ಬಲ್ಬಿನಷ್ಟು ಕರೆಂಟೂ ತಿನ್ನಲ್ಲ. ಮೇಲೊಂದು ಸೌಂಡ್ ಕಾರ್ಡ್ ಕೂರಿಸೋಣ. ಇಡೋ ರೂಮ್ ಎಂಥದ್ದು ಹೇಳು. ಗದ್ದಲ ಇದ್ಯಾ? ಧೂಳು? ಇದ್ರೆ ಆಂಪ್ಲಿಫೈಯರ್ ಇರೋ ಕಾರ್ಡೇ ಬೇಕು, ಮುಚ್ಚಿರೋ ಡಬ್ಬಿ ಬೇಕು, ಸ್ಪೀಕರೂ ದೊಡ್ಡದು.”

ಹಿಂದಿನ ಕೋಣೆ, ಮಗ್ಗದ ಬಡಿತ, ರೇಷ್ಮೆಯ ನವಿರು ಎಳೆಗಳು ಹಾರಾಡುವ ಗಾಳಿ, ಎಲ್ಲವೂ ನಾಲಿಗೆಯ ತುದಿಗೆ ಬಂದವು.

“ಇಲ್ಲ, ಹಾಲ್‌ನಲ್ಲಿ ಇಡೋದು” ಎಂದೆ. “ನಮ್ಮನೆ ತುಂಬಾ ಸೈಲೆಂಟು.”

ಸೈಲೆಂಟಾದ ಆ ಮನೆಗೆ ಒಪ್ಪುವಂಥದ್ದನ್ನೇ ಅವಳು ಆರಿಸಿಕೊಟ್ಟಳು. ಪುಟ್ಟ ಬೋರ್ಡು, ನಾಜೂಕು ಕಾರ್ಡು, ಅಂಗೈಯಲ್ಲಿ ಹಿಡಿಸುವ ಸ್ಪೀಕರು. ತಂದು ಮಗ್ಗದ ಕಂಬದ ಪಕ್ಕ ಇಟ್ಟು ಹಾಡು ಹಾಕಿದೆ. ಅಮ್ಮ ಹಲಗೆ ಬಡಿಯುತ್ತಲೇ ತಲೆದೂಗಿದಳು. “ಸೂಪರ್ ಕಣ್ಣು! ಪಾಟ್ಟು ಎಷ್ಟು ಚೆನ್ನಾಗ್ ಕೇಳಿಸ್ತದೆ!”

ಮರುದಿನ ಸಂಜೆ ಕೆಲಸ ಮುಗಿಸಿ ಬಂದಾಗಲೂ ಅವಳು ನೇಯುತ್ತಿದ್ದಳು. “ಬೆಳಿಗ್ಗೆಯಿಂದ ನಿಲ್ಲಿಸ್ದೇ ಹಾಡ್ತಾ ಇದೆ ನೋಡು” ಎಂದು ನಕ್ಕಳು. ಬಗ್ಗಿ ನೋಡಿದೆ. ವಯರು ಕಳಚಿ ನೆಲದಲ್ಲಿ ಬಿದ್ದಿತ್ತು. ಬೋರ್ಡಿನ ಮೇಲೆ ನವಿರು ಎಳೆ ಬೂದಿಯಂತೆ ಕೂತಿತ್ತು. ವಯರನ್ನು ಮತ್ತೆ ಸಿಕ್ಕಿಸಿದೆ. ಮಗ್ಗದ ಪಕ್ಕದಲ್ಲೇ ನಿಂತಿದ್ದರೂ ಹಾಡು ಶುರುವಾಯಿತೋ ಇಲ್ಲವೋ ನನಗೂ ತಿಳಿಯಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಭೂಮಿ “ಸೆಟಪ್ ಹೇಗಿದೆ ನೋಡ್ಬೇಕು, ಭಾನುವಾರ ಬರ್ತೀನಿ” ಎಂದಳು. ನಾನು ಬೋರ್ಡು ಒರೆಸಿ ಮುಂದಿನ ಹಾಲ್‌ಗೆ ತಂದಿಟ್ಟೆ. ಆಮೇಲೆ ಅಮ್ಮನ ಬಳಿ ಹೋದೆ.

“ಅಮ್ಮಾ, ಭಾನುವಾರ ಭೂಮಿ ಬಂದು ಹೋಗೋತನಕ ಮಗ್ಗ ನಿಲ್ಲಿಸ್ತೀಯಾ?”

“ಯಾಕೆ ಕಣ್ಣು?”

“ಮಾತಾಡಕ್ಕೆ ತೊಂದ್ರೆ ಆಗುತ್ತೆ.”

ಅವಳು ನನ್ನ ಮುಖವನ್ನೇ ನೋಡಿದಳು. “ಆಗ್ಲಿ ಬಿಡು. ಕಾಲಿಗೂ ರೆಸ್ಟು” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಭೂಮಿ ಬಂದಳು. ಕದ ಮುಚ್ಚಿದ ಹಿಂದಿನ ಕೋಣೆ ಉಸಿರು ಬಿಗಿಹಿಡಿದಂತಿತ್ತು. ಮುಂದೆ ಹಾಡು ತಿಳಿಯಾಗಿ ಹರಿಯಿತು. “ಕ್ಲಿಯರ್ ಆಗಿದೆ ಕಣೇ! ಇಂಥ ರೂಮಿಗೆ ಇದೇ ಸರಿ” ಎಂದು ಅವಳು ಹಿಗ್ಗಿದಳು. ಹೊಸ ಸೀರೆಯುಟ್ಟ ಅಮ್ಮ ಕಾಪಿ ತಂದಳು. ಕೆಲಸವಿಲ್ಲದ ಅವಳ ಕೈಗಳು ಲೋಟ ಕೊಟ್ಟಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸೆರಗನ್ನು ಹಿಡಿದುಕೊಂಡವು.

ಹೊರಗಿನಿಂದ ಕೂಗು ಬಂತು. “ಚಂದ್ರಾ! ಏ ಚಂದ್ರಾ!”

ಅಮ್ಮನನ್ನು ಕರೆದದ್ದು ಎದುರುಮನೆಯ ಸೆಲ್ಲಮ್ಮತ್ತೆ. ನಮ್ಮ ಬೀದಿಯಲ್ಲಿ ಮಗ್ಗಕ್ಕೆ ಬಿಡುವು ಅಮಾವಾಸ್ಯೆಗೆ ಮಾತ್ರ. ಬೇರೆ ದಿನ ಒಂದು ಮನೆಯ ಮಗ್ಗ ನಿಂತರೆ ಆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ, ಯಾರಾದರೂ ಬಂದು ವಿಚಾರಿಸಿಯೇ ವಿಚಾರಿಸುತ್ತಾರೆ. ಹುಟ್ಟಿದಾಗಿನಿಂದ ಗೊತ್ತಿರುವ ಈ ಮಾತು ಅಂದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

“ಇವತ್ತೇನ್ ಅಮಾಸೆಯಾ? ಮಗ್ಗ ಯಾಕಡೀ ನಿಂತದೆ? ಜ್ವರದಲ್ಲೂ ನೇಯ್ದೋಳು ನೀನು! ಉಸುರಿದ್ಯೋ ಇಲ್ವೋ ಅಂತ ಒಲೆ ಮೇಲಿನ ಸಾರು ಬಿಟ್ಟು ಓಡ್ಬಂದೆ!”

“ತಲೆವಲಿ ಅಕ್ಕಾ, ಬೇರೇನಿಲ್ಲ” ಎಂದು ಅಮ್ಮ ಹಣೆ ಒತ್ತಿಕೊಂಡಳು.

“ತಲೆವಲಿಗೆ ಪಾಟ್ಟಾ? ಚೆನ್ನಾಯ್ತು ನಿನ್ನ ಮದ್ದು!” ಸೆಲ್ಲಮ್ಮತ್ತೆ ನಗುತ್ತಾ ಸಾರಿನ ಕಡೆಗೆ ಹೊರಟಳು.

ಭೂಮಿ ಲೋಟ ಕೆಳಗಿಟ್ಟಳು. “ಯಾವ ಮಗ್ಗ ಅಮ್ಮಾ?”

“ಹಳೇದೊಂದು, ಹಿಂದ್ಗಡೆ ಬಿದ್ದದೆ” ಎಂದಳು ಅಮ್ಮ. ಆ ಮಗ್ಗದಲ್ಲಿ ಅರ್ಧ ನೇಯ್ದ ಮದುವೆ ಸೀರೆ ಇತ್ತು. ಅವಳು ನನ್ನತ್ತ ನೋಡಲಿಲ್ಲ. ಬೋರ್ಡಿನ ಕಡೆ ಕೈತೋರಿಸಿ ಬೇಗ ಬೇಗ ಹೇಳಿದಳು: “ನೀನು ಆರಿಸಿಕೊಟ್ಟದ್ದು ರೊಂಬ ಚೆನ್ನಾಗದೆಮ್ಮಾ. ದಿನಾ ಕೇಳ್ತೀನಿ. ಒಂದ್ ಪಾಟ್ಟೂ ಬಿಡಲ್ಲ.”

ನನಗಾಗಿ ಅವಳು ತನ್ನ ಮಗ್ಗವನ್ನೇ ಹಳೇದೆಂದು ಬಿಟ್ಟುಕೊಟ್ಟಿದ್ದಳು. ಕೈ ಚಾಚಿ ವಯರು ಕಿತ್ತೆ. ಹಾಡು ನಿಂತಿತು.

“ಅಮ್ಮನಿಗೆ ಇದು ಕೇಳ್ಸಲ್ಲ ಭೂಮಿ” ಎಂದೆ. “ನಮ್ಮಮ್ಮ ದಿನಾ ಮಗ್ಗದಲ್ಲಿ ಕೂತಿರ್ತಾಳೆ.”