ಗೆರೆಯ ಎಡಗಡೆ

‘ಎಲ್ಲರೂ ಒಪ್ಪಿದ್ದಾರೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಆಕೆಯ ಎಡಹುಬ್ಬು ನೆತ್ತಿಗೇರುತ್ತಿತ್ತು. ಬೆನ್ನಿಗೇ ‘ಹಾಗಂತ ಯಾರು ಹೇಳಿದ್ದು?’ ಎಂಬ ಪ್ರಶ್ನೆ. ಎಲೆ ಅಲುಗದ ದಿನವೂ ಪ್ರಯೋಗಶಾಲೆಯ ಓಣಿಯಲ್ಲಿ ಬಿರುಗಾಳಿಗೆ ಎದುರಾದವಳಂತೆ ಒಂದು ಭುಜ ಮುಂದೆ ಚಾಚಿಯೇ ನಡೆಯುವವಳು. ಬೂದು ಕೋಟಿನ ಜೇಬುಗಳು ಸೀಮೆಸುಣ್ಣದ ತುಂಡುಗಳ ಭಾರಕ್ಕೆ ಜೋತುಬಿದ್ದಿರುತ್ತಿದ್ದವು.

‘ಅಕ್ಕಾ, ಇದು ಕೋಟೋ ಸುಣ್ಣದ ಗೂಡೋ?’ ಎಂದು ಒಗೆಯಲು ಕೂತ ತಂಗಿ ಬೈದರೆ, ‘ಕೊಡವಿ ಇಡೇ ಸಾಕು, ನಾಳೆ ಮತ್ತೆ ಇದೇ ಗತಿ’ ಎನ್ನುವಳು.

ಆಕೆಯ ಕಸುಬು ಕಪ್ಪು ದ್ರವ್ಯದ ಲೆಕ್ಕಾಚಾರ. ಕಣ್ಣಿಗೆ ಕಾಣದಿದ್ದರೂ ನಕ್ಷತ್ರಕೂಟಗಳನ್ನು ಚದುರದಂತೆ ಹಿಡಿದಿಟ್ಟ ಆ ದ್ರವ್ಯ ಆಕ್ಸಿಯಾನ್ ಎಂಬ ಕಣಗಳದ್ದಿರಬಹುದೆಂದು ಹಲವರ ಊಹೆ. ಆ ಕಣ ಎಷ್ಟು ಭಾರವಿರಬೇಕೆಂದು ಹಿರಿಯ ವಿಜ್ಞಾನಿಗಳು ನಕ್ಷೆಯ ಮೇಲೆ ಒಂದು ಓರೆಗೆರೆ ಎಳೆದಿಟ್ಟಿದ್ದರು. ಈಕೆ ತನ್ನ ಕೋಣೆಯ ಕರಿಹಲಗೆಯಲ್ಲಿ ಆ ಗೆರೆಯ ಎಡಗಡೆ, ತೀರಾ ಹಗುರದ ಕಡೆ, ಕಣ ಇಲ್ಲೂ ಇರಬಹುದೆಂದು ಅಗಲವಾಗಿ ಸುಣ್ಣ ಬಳಿದಳು. ನಮ್ಮ ಲೋಕದ ಪಡಿಯಚ್ಚಿನಂಥ ಲೋಕಗಳು ಹಲವಿದ್ದರೆ, ಒಂದರ ಗುಂಡಿಗೆ ಇನ್ನೊಂದರ ದಿಬ್ಬ ಬಿದ್ದು ಕಣ ಉರುಳುವ ನೆಲ ಹೆಚ್ಚುಕಮ್ಮಿ ಮಟ್ಟಸವಾಗುತ್ತದೆ. ಅಂಥ ನೆಲದಲ್ಲಿ ಗೋಲಿಯಂತೆ ಆಕ್ಸಿಯಾನ್ ನಿಧಾನವಾಗಿ ಓಲಾಡುತ್ತದೆ, ನಿಧಾನವಾದಷ್ಟೂ ಹಗುರ. ಇದು ಆಕೆಯ ವಾದ.

‘ಅಲ್ರೀ ಮೇಡಂ, ಒಂದು ಕಣದ ಭಾರ ಇಳಿಸೋಕೆ ಇಷ್ಟೊಂದು ಲೋಕ ಹೊತ್ಕೊಂಡು ಬಂದ್ರಾ?’ ಎಂದು ವಿಭಾಗದ ಮುಖ್ಯಸ್ಥರು ಮೂಗು ಮುರಿದರು.

‘ಹೊತ್ತಿರೋಳು ನಾನು. ನಿಮಗ್ಯಾಕ್ರೀ ಬೆನ್ನುನೋವು?’

ನೆಲಮಾಳಿಗೆಯಲ್ಲಿ ಆ ಓಲಾಟಕ್ಕೆ ಕಿವಿಗೊಡುವ ಯಂತ್ರವಿತ್ತು; ರೇಡಿಯೊ ತಿರುಗಿಸಿದಂತೆ ಅದನ್ನು ಒಂದೊಂದು ಭಾರಕ್ಕೂ ಹೊಂದಿಸಬೇಕು. ವರ್ಷ ಮುಗಿದರೆ ಯಂತ್ರವನ್ನು ಬಿಚ್ಚುತ್ತಾರೆ, ಆಕೆಯೂ ನಿವೃತ್ತಳಾಗುತ್ತಾಳೆ. ಗೆರೆಯ ಮೇಲಷ್ಟೇ ಹುಡುಕುವುದೆಂದು ಮುಖ್ಯಸ್ಥರು ಸಭೆಯಲ್ಲಿ ಸಾರಿದಾಗ ಆಕೆ ಎದ್ದು ನಿಂತಳು.

‘ನನ್ನ ಮಾತು ಸುಳ್ಳು ಅಂತಾದ್ರೂ ತೋರಿಸಿ. ಕಿವೀನೇ ಕೊಡದೆ ಸುಳ್ಳು ಅನ್ನಬೇಡಿ.’

‘ಏನೂ ಸಿಗದಿದ್ರೆ?’

‘ಯಂತ್ರ ಕಿವಿಗೊಟ್ಟಷ್ಟು ಜಾಗದ ಸುಣ್ಣ ನಾನೇ ಒರೆಸ್ತೀನಿ. ನಿಮ್ಮ ಕಣ್ಣೆದುರಿಗೇ.’

ಯಂತ್ರದ ಉಸ್ತುವಾರಿಯವನು ತಲೆ ಕೆರೆದುಕೊಂಡು, ‘ಕೊನೇ ತಿಂಗಳು ಕೊಡೋಣ ಸಾರ್, ಇವರ ಬಾಯಿಗೆ ಯಾರು ಸಿಕ್ಕಿಕೊಳ್ತಾರೆ’ ಎಂದ. ಸಭೆ ನಕ್ಕು ಒಪ್ಪಿತು.

ತಿಂಗಳಿಡೀ ಯಂತ್ರ ಕಿವಿಗೊಟ್ಟಿತು. ಏನೂ ಕೇಳಿಸಲಿಲ್ಲ. ಆಕೆ ಎಲ್ಲರನ್ನೂ ಕೋಣೆಗೆ ಕರೆದು, ಬಟ್ಟೆ ಹಿಡಿದು, ಸುಣ್ಣದ ನಡುವಿನಿಂದ ಯಂತ್ರ ಕಿವಿಗೊಟ್ಟಷ್ಟೇ ಅಗಲದ ಒಂದು ಪಟ್ಟಿಯನ್ನು ನೀಟಾಗಿ ಒರೆಸಿದಳು.

‘ಅಂತೂ ಮುಗೀತಲ್ಲ ಮೇಡಂ?’ ಎಂದರು ಮುಖ್ಯಸ್ಥರು.

ಒರೆಸಿದ ಪಟ್ಟಿಯ ಆಚೀಚೆ ಸುಣ್ಣ ಇನ್ನೂ ಬೆಳ್ಳಗೆ ಉಳಿದಿತ್ತು. ಎಡಹುಬ್ಬು ಮೇಲೇರಿತು.

‘ಹಾಗಂತ ಯಾರು ಹೇಳಿದ್ದು?’

ಇಂಥವರು ಗೆದ್ದರೋ ಸೋತರೋ ಎಂದು ವಿಚಾರಿಸುವುದು ವ್ಯರ್ಥ. ತಮ್ಮ ಮಾತಿಗೆ ಎಲ್ಲಿ ಪೆಟ್ಟು ಬಿದ್ದರೆ ಜೀವ ಹೋಗುತ್ತದೋ ಆ ಜಾಗವನ್ನು ತಾವೇ ಬೆರಳಿಟ್ಟು ತೋರಿಸಿ, ಹೊಡೆಯಿರಿ ಎಂದು ನಿಲ್ಲುವ ಜನ ಇವರು. ಬಿದ್ದ ಪೆಟ್ಟಿಗೆ ತಲೆಬಾಗುತ್ತಾರೆ; ಕೈಯನ್ನೇ ಎತ್ತದೆ ಸತ್ತಿತು ಎನ್ನುವವರಿಗೆ ಮಾತ್ರ ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ.