ನಿನಗೆ ಮಾತ್ರ ಹೇಳ್ತಾ ಇದ್ದೀನಿ

ನಮ್ಮ ಚಿಕ್ಕಪ್ಪ ಯಾವ ಮಾತನ್ನೂ ಎಲ್ಲರಿಗೂ ಹೇಳಿದವರಲ್ಲ. ಮೂರು ಸಾವಿರ ಜನ ಮೊಬೈಲಿನಲ್ಲಿ ಕಣ್ಣು ನೆಟ್ಟು ಕುಳಿತಿರುವಾಗಲೂ ಅವರು ಕ್ಯಾಮೆರಾದತ್ತ ತುಸು ಬಾಗಿ, ದನಿ ತಗ್ಗಿಸಿ, "ಇದು ನಿನಗೆ ಮಾತ್ರ ಹೇಳ್ತಾ ಇದ್ದೀನಿ" ಎನ್ನುತ್ತಾರೆ; ಅದೇ ಗುಟ್ಟಿನ ದನಿಯಲ್ಲಿ ತರಕಾರಿಯವಳಿಗೆ ಅವಳ ಟೊಮೇಟೊ ಮೆತ್ತಗಾಗಿದೆಯೆಂದೂ, ನನಗೆ ನನ್ನ ಅಂಗಿಯ ಗುಂಡಿ ಕಿತ್ತುಹೋಗಿದೆಯೆಂದೂ ಹೇಳಿದ್ದಾರೆ. ಕೇಳಿದವರಿಗೆ ಒಂದು ಕ್ಷಣ ತಾವೇ ಆಯ್ಕೆಯಾದವರೆಂಬ ಭ್ರಮೆ ಹುಟ್ಟುತ್ತದೆ. ಇಷ್ಟು ವರ್ಷಗಳ ಮೇಲೆ ನನಗೂ ಹುಟ್ಟುತ್ತದೆ, ಅದೇ ನನ್ನ ಸಂಕಟ.

ಔಷಧಿ ಕಂಪನಿಯ ಮಾರಾಟದ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಆನ್‌ಲೈನಿನಲ್ಲಿ ಬದುಕು ಬದಲಿಸುವ ಕೋರ್ಸ್ ಶುರುಮಾಡಿದರು. ಮನೆಯ ಹಿಂದಿನ ಕೋಣೆಯೇ ಸ್ಟುಡಿಯೋ; ಅದರ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದಿದ್ದಾರೆ. ಅದರಾಚೆ ಕಾಲಿಟ್ಟರೆ ಕ್ಯಾಮೆರಾದಿಂದ ಹೊರಗೆ. ನಾಲ್ಕು ವರ್ಷ ಆ ಚೌಕದೊಳಗೇ ಓಡಾಡಿ ಅವರ ನಡಿಗೆ ಹೇಗಾಗಿದೆಯೆಂದರೆ, ನಡುರಸ್ತೆಯಲ್ಲೂ ಮೂರು ಹೆಜ್ಜೆಯಿಟ್ಟು ಗಕ್ಕನೆ ತಿರುಗಿ ಜೊತೆಗಿದ್ದವರ ಮುಖ ನೋಡುತ್ತಾರೆ. ಬೂದು ಕೋಟಿನ ಎಡತೋಳು ಇಸ್ತ್ರಿಯ ಗೆರೆ ಮಾಸದಂತಿದ್ದರೆ ಬಲಮೊಣಕೈ ಹರಿದು ಒಳಗಿನ ಅಸ್ತರು ಇಣುಕುತ್ತದೆ. ಆ ಕಡೆ ಕ್ಯಾಮೆರಾಕ್ಕೆ ಕಾಣುವುದಿಲ್ಲವಂತೆ. ಟೈಲರಾದ ನನ್ನ ಅಕ್ಕ ಎಷ್ಟು ಸಲ ಕೇಳಿದರೂ ಅದನ್ನು ಹೊಲಿಯಲು ಕೊಟ್ಟವರಲ್ಲ.

ವಿಡಿಯೋದಲ್ಲಿ ಅವರು ಮೂರು ವರ್ಷ ಹಾಸಿಗೆ ಹಿಡಿಸಿದ್ದ ಖಿನ್ನತೆಯನ್ನು ಗೆದ್ದು ಬಂದವರು. ನಾನು ಕಂಡಂತೆ ಅವರಿಗೆ ಬಂದ ದೊಡ್ಡ ಕಾಯಿಲೆ ನೆಗಡಿ. ಕೇಳಿದರೆ, "ಗಟ್ಟಿಮುಟ್ಟಾಗಿರೋನು ಎದ್ದೇಳಿ ಅಂದ್ರೆ ಯಾರು ಏಳ್ತಾರೋ?" ಎಂದು ನಕ್ಕರು. ಆದರೆ ಯಾರೋ ಅಪರಿಚಿತೆ ಫೋನಿನಲ್ಲಿ ಅತ್ತಾಗ ಊಟದ ತಟ್ಟೆ ಸರಿಸಿ, ಒಂದು ಗಂಟೆ ಕೈ ಒಣಗುವವರೆಗೆ ಅವರು ಕೇಳಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಆ ಅಳುವಿನ ಎರಡು ಒಳ್ಳೆಯ ವಾಕ್ಯಗಳನ್ನು ನೀಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡದ್ದನ್ನೂ ನೋಡಿದ್ದೇನೆ. ಕೋರ್ಸ್ ಮುಗಿಸಿದವರು ಮುಂದೆ ಆಡಬೇಕಾದ ಕೃತಜ್ಞತೆಯ ಮಾತುಗಳನ್ನು ಅವರು ಆ ಪುಸ್ತಕದಲ್ಲಿ ಮೊದಲೇ ಬರೆದಿಡುತ್ತಾರೆ.

ಒಂದು ಮಧ್ಯಾಹ್ನ ಅವರ ವೆಬ್‌ಸೈಟ್ ತೆರೆದೆ. "ಇನ್ನು ಒಂಬತ್ತೇ ಸೀಟು" ಎಂಬುದು ಆರು ತಿಂಗಳಿಂದ ಒಂಬತ್ತರಲ್ಲೇ ನಿಂತಿತ್ತು. ಅದರ ಕೆಳಗೆ, ಐವತ್ತೆರಡು ವರ್ಷದ ಟೈಲರ್ ಮಹಿಳೆಯೊಬ್ಬಳ ಮಾತು: "ಎರಡು ವರ್ಷ ಹೊಸ್ತಿಲು ದಾಟಿರಲಿಲ್ಲ. ಮೊನ್ನೆ ಒಬ್ಬಳೇ ಅಂಗಡಿಗೆ ಹೋಗಿ ದಾರ ತಂದೆ." ನನ್ನ ಮೈ ಉರಿದುಹೋಯಿತು. ಅಕ್ಕನ ಕೈ ಹಿಡಿದು ರಸ್ತೆ ದಾಟುತ್ತಿದ್ದ ಭಾವ ಅಲ್ಲೇ ಕುಸಿದು ತೀರಿಕೊಂಡ ದಿನದಿಂದ ಅವಳು ಬಾಗಿಲಾಚೆ ಹೆಜ್ಜೆಯಿಟ್ಟಿರಲಿಲ್ಲ. ಚಿಕ್ಕಪ್ಪನೇ ಅವಳನ್ನು ಕೋರ್ಸಿಗೆ ಸೇರಿಸಿಕೊಂಡಿದ್ದರು, ಅವಳೂ ದಿನಾ ಕೇಳುತ್ತಿದ್ದಳು. ದಾರವನ್ನು ಮಾತ್ರ ವಾರವಾರವೂ ನಾನೇ ತಂದುಕೊಡುತ್ತಿದ್ದೆ.

"ಅವಳ ದುಃಖಾನೂ ಬಿಡಲಿಲ್ವಾ ಚಿಕ್ಕಪ್ಪ? ಹಸಿ ಸುಳ್ಳು ಇದು!" ಎಂದು ಸ್ಟುಡಿಯೋ ಬಾಗಿಲಲ್ಲೇ ಕೂಗಾಡಿದೆ.

ಅವರು ಚೌಕದೊಳಗೆ ನಿಂತೇ ಇದ್ದರು. "ಸುಳ್ಳಲ್ಲ ಕಣೋ. ಇನ್ನೂ ನಿಜ ಆಗಿಲ್ಲ, ಅಷ್ಟೆ."

"ತೆಗೆದುಹಾಕಿ. ಇಲ್ದಿದ್ರೆ ಈ ಮನೆ ಮೆಟ್ಟಿಲು ಹತ್ತಲ್ಲ ನಾನು."

ಅವರ ಮುಖ ಸಣ್ಣದಾಯಿತು. "ಅವಳು ಎದ್ದು ಓಡಾಡ್ಲಿ ಅಂತ ನಿನ್ನಷ್ಟೇ ನನಗೂ ಆಸೆ ಇಲ್ವೇನೋ?" ಎಂದರು. ಅದು ನಟನೆಯೋ ನಿಜವೋ ನನಗೆ ಹೊಳೆಯಲಿಲ್ಲ. ಬಹುಶಃ ಅವರಿಗೂ ಹೊಳೆದಿರಲಿಕ್ಕಿಲ್ಲ. ನಾಳೆ ತೆಗೆಯುತ್ತೇನೆಂದು ಮಾತು ಕೊಟ್ಟರು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದರೆ ಬಾಗಿಲಿಗೆ ಬೀಗ. ಎರಡು ವರ್ಷದಲ್ಲಿ ನಾನು ಕಾಣದ ಬೀಗ ಅದು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಅವಳು ಕಂಡಳು. ಗೋಡೆ ಹಿಡಿದುಕೊಂಡೇ ಬರುತ್ತಿದ್ದಳು, ಮುಖವೆಲ್ಲ ಬೆವರು, ಕೈಯಲ್ಲಿ ಒಂದು ಚಿಕ್ಕ ಚೀಲ. ಓಡಿಹೋಗಿ ಹಿಡಿದುಕೊಂಡೆ.

ಮೆಟ್ಟಿಲ ಮೇಲೆ ಕುಳಿತು ನೀರು ಕುಡಿದ ಮೇಲೆ ಬಾಯಿಬಿಟ್ಟಳು. "ನಾನು ದಾರ ತಂದೆ ಅಂತ ಚಿಕ್ಕಪ್ಪ ಹಾಕಿದ್ರು, ಓದಿದೆ. ಸಿಟ್ಟು ಬಂತು, ಅತ್ತೂ ಬಿಟ್ಟೆ. ಆಮೇಲೆ, ನಾಳೆ ಯಾರಾದ್ರೂ ಅವರನ್ನ ಸುಳ್ಳುಗಾರ ಅಂದ್ರೆ? ಎಷ್ಟಾದ್ರೂ ನಮ್ಮ ಚಿಕ್ಕಪ್ಪ ಅಲ್ವಾ. ಹೋಗಿ ತಂದುಬಿಟ್ಟೆ." ಚೀಲದಲ್ಲಿ ಬೂದು ಬಣ್ಣದ ದಾರವಿತ್ತು.

ನಾನು ಫೋನ್ ತೆಗೆಯುವಷ್ಟರಲ್ಲಿ ಅವಳು ನನ್ನ ಕೈ ಹಿಡಿದಳು. "ನಿನಗೆ ಮಾತ್ರ ಹೇಳ್ತಾ ಇದ್ದೀನಿ. ಅವರಿಗೆ ಹೇಳ್ಬೇಡ. ಹೇಳಿದ್ರೆ ಇದನ್ನೂ ಮಾರ್ತಾರೆ."

ಮರುದಿನ ಚಿಕ್ಕಪ್ಪ ಮಾತಿಗೆ ತಪ್ಪದೆ ಆ ಸಾಲುಗಳನ್ನು ತೆಗೆದುಹಾಕಿದರು. ಅವರ ಪುಟದಲ್ಲಿದ್ದ ಒಂದೇ ಒಂದು ನಿಜ ನನ್ನ ಒತ್ತಾಯದಿಂದಲೇ ಅಳಿಸಿಹೋಯಿತು, ನಾನು ತುಟಿ ಪಿಟಕ್ಕೆನ್ನಲಿಲ್ಲ. ಆ ವಾರವೇ ಹಟಮಾಡಿ ಕೋಟು ಇಸಿದುಕೊಂಡು ಬಂದು ಅಕ್ಕನಿಗೆ ಕೊಟ್ಟೆ. ಈಗ ಬಲಮೊಣಕೈಯಲ್ಲಿ ಅಚ್ಚುಕಟ್ಟಾದ ಹೊಲಿಗೆಯಿದೆ, ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಇಂಥವರನ್ನು ವಂಚಕರೆಂದುಬಿಡಲು ನನಗೆ ನಾಲಿಗೆ ಏಳುವುದಿಲ್ಲ, ಹಿತೈಷಿಗಳೆನ್ನಲು ಮನಸ್ಸು ಒಪ್ಪುವುದಿಲ್ಲ. ಅವರು ಸಾವಿರ ಜನರಿಗೆ ಒಂದೇ ಸುಳ್ಳು ಹೇಳುತ್ತಾರೆ. ಎಲ್ಲೋ ಒಬ್ಬಳು ಗೋಡೆ ಹಿಡಿದು ನಡೆದು ಅದನ್ನು ನಿಜಮಾಡಿಬಿಡುತ್ತಾಳೆ. ಉಳಿದವರು ತಮ್ಮಲ್ಲೇ ಏನೋ ಕೊರತೆಯಿದೆಯೆಂದುಕೊಂಡು, ಯಾರಿಗೂ ಹೇಳದೆ, ಬಾಗಿಲ ಒಳಗೇ ಉಳಿಯುತ್ತಾರೆ.