ಹತ್ತು ಅಂಕದ ತಿಂಡಿ

ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ಅದರಿಂದ ದೊಡ್ಡವರಿಗೆ ಏನು ಸಿಕ್ಕಿತೋ ನಾನು ಕಾಣೆ, ಏಳನೇ ಜಮಾತಿನಲ್ಲಿದ್ದ ನಮಗೆ ಮಾತ್ರ ಒಂದು ಪಬ್ಲಿಕ್ ಪರೀಕ್ಷೆ ಸಿಕ್ಕಿತು. ಮೈಸೂರು, ಮಂಡ್ಯದ ಮಕ್ಕಳಿಗೆ ಕೊಡುವ ಪ್ರಶ್ನೆಪತ್ರಿಕೆಯನ್ನೇ ಔರಾದ ತಾಲೂಕಿನ ಮಕ್ಕಳಿಗೂ ಕೊಡುತ್ತಾರೆ ಎಂದರು. ಕನ್ನಡದಲ್ಲಿ ಮೂವತ್ತೈದು ಬಾರದಿದ್ದರೆ ಉಳಿದದ್ದರಲ್ಲಿ ನೂರು ಬಂದರೂ ನಪಾಸು. ನಮ್ಮ ಸಂತಪುರದ ಸಾಲೆಯಿಂದ ಹನ್ನೊಂದು ಮಂದಿ ಕೂಡುವವರಿದ್ದೆವು. ಅದರಲ್ಲಿ ಹುಡುಗಿ ನಾನೊಬ್ಬಳೇ, ಕುರಿ ಸಾಕುವ ಧೊಂಡಿಬಾನ ಮಗಳು ಚಂದ್ರಭಾಗಾ.

ಅಪ್ಪ ನನ್ನನ್ನು ಸಾಲೆಗೆ ಕಳಿಸಿದ್ದು ಅಜ್ಜಿ ಸತ್ಯಮ್ಮನ ಹಟಕ್ಕೆ. ಪಾಸಾದರೆ ಬೀದರಿನ ಹೈಸ್ಕೂಲು, ನಪಾಸಾದರೆ ಮರುದಿನವೇ ಕುರಿಯ ಹಿಂದೆ ಎಂದು ಅವನು ಕರಾರು ಹಾಕಿದ್ದ. ಕುರಿಯ ಹಲ್ಲು ನೋಡಿ ವಯಸ್ಸು ಹೇಳಲು ಬಾರದವರೆಲ್ಲ ಅವನ ಪ್ರಕಾರ ಏನೂ ಕಲಿಯದವರು. ನನಗೆ ಕುರಿಗಳ ಮೇಲೆ ಸಿಟ್ಟಿರಲಿಲ್ಲ. ಆದರೆ ಬೀದರಿನ ಹೈಸ್ಕೂಲಿನಲ್ಲಿ ಭೂಮಿಯ ಗೋಲವೊಂದಿದೆ, ಕೈಯಿಂದ ತಿರುಗಿಸಿದರೆ ಸಮುದ್ರಗಳು ಒಂದೊಂದಾಗಿ ಎದುರಿಗೆ ಬರುತ್ತವೆ ಎಂದು ಮಾಸ್ತರರು ಹೇಳಿದ್ದರು. ಅದನ್ನು ತಿರುಗಿಸದೆ ಸಾಯಬಾರದೆಂದು ನಾನು ಹನ್ನೆರಡನೇ ವಯಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಮಾಸ್ತರರ ಹೆಸರು ಕಾಶೀರಾಮ. ಭಾಲ್ಕಿ ಕಡೆಯ ಸಾಯಗಾಂವದವರು. ಮನೆಮಾತು ಮರಾಠಿ, ಓದಿದ್ದು ಉರ್ದು. ಕನ್ನಡದಲ್ಲಿ ನಮಗಿಂತ ಒಂದೇ ಒಂದು ಪಾಠ ಮುಂದಿದ್ದರು. ಯಾವ ಪ್ರಶ್ನೆ ಬರುತ್ತದೋ ಅವರಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲವನ್ನೂ ಬಾಯಿಪಾಠ ಮಾಡಿಸಿದರು. ಆಕಳಿನ ಮೇಲೆ ನಿಬಂಧ, ದಸರೆಯ ಮೇಲೆ ನಿಬಂಧ, ನಾವು ಯಾರೂ ಕಾಣದ ಜೋಗದ ಮೇಲೆ ನಿಬಂಧ. ಬಾಯಿಪಾಠದ ಕಾಟಕ್ಕೆ ನನ್ನ ಜೊತೆ ಓದುವ ಪಟೇಲರ ಮನೆಯ ಪಂಢರಿಗೆ ಚಳಿಜ್ವರ ಬಂತು. ನಾನು ಕುರಿಯ ಹಾಲು ಹಿಂಡುತ್ತ, ರೊಟ್ಟಿ ಬಡಿಯುತ್ತ ಕಾವೇರಿಯ ಉಪನದಿಗಳ ಹೆಸರು ಗೊಣಗುತ್ತಿದ್ದೆ. ಹೇಮಾವತಿ, ಲಕ್ಷ್ಮಣತೀರ್ಥ, ಶಿಂಷಾ ಎಂಬ ಹೆಸರು ಕೇಳಿ ಅಜ್ಜಿಗೆ ಇವು ಮೂರೂ ನನ್ನ ಮೈಮೇಲೆ ಬಂದ ದೆವ್ವಗಳೆಂದು ಖಾತ್ರಿಯಾಯಿತು. ಪಕ್ಕದ ಮನೆಯ ಅಕ್ತರಬೀ ದರ್ಗಾದಿಂದ ತಾಯಿತ ತಂದು ಕಟ್ಟಿದಳು. ಉಪನದಿಗಳು ಅದಕ್ಕೂ ಬಗ್ಗಲಿಲ್ಲ.

ಔರಾದದಲ್ಲಿ ಪರೀಕ್ಷೆ ನಡೆಯಿತು. ಕನ್ನಡ ಪತ್ರಿಕೆಯಲ್ಲಿ ಆಕಳೂ ಇಲ್ಲ, ಜೋಗವೂ ಇಲ್ಲ. ಕೊನೆಯ ಪ್ರಶ್ನೆ ಹೀಗಿತ್ತು: ನಿಮ್ಮ ಮನೆಯ ಬೆಳಗಿನ ತಿಂಡಿಯ ಬಗ್ಗೆ ಹತ್ತು ವಾಕ್ಯಗಳಲ್ಲಿ ಬರೆಯಿರಿ. ಹತ್ತು ಅಂಕ.

ನಮ್ಮ ಕಡೆ ತಿಂಡಿ ಎಂದರೆ ಮೈ ತುರಿಕೆ. ಮುಂಜಾನೆ ತಿನ್ನುವುದಕ್ಕೆ ನಾವು ನಾಷ್ಟಾ ಅನ್ನುತ್ತೇವೆ. ಸರಕಾರ ನಮ್ಮ ತುರಿಕೆಯನ್ನು ಯಾಕೆ ವಿಚಾರಿಸುತ್ತಿದೆ ಎಂದು ಒಂದು ಗಳಿಗೆ ಗಾಬರಿಯಾಯಿತು. ಹೊಸ ಸರಕಾರ, ಏನಾದರೂ ಕೇಳೀತು ಎಂದುಕೊಂಡೆ. ಮರುಗಳಿಗೆಯಲ್ಲೇ ಖುಷಿಯಾಯಿತು. ತುರಿಕೆಯ ವಿಷಯದಲ್ಲಿ ಕುರಿಯವರ ಮಗಳಿಗೆ ಬಾಯಿಪಾಠ ಬೇಕೇ? ಹತ್ತು ಕೇಳಿದ್ದಕ್ಕೆ ಹದಿನಾಲ್ಕು ವಾಕ್ಯ ಬರೆದೆ. ಹೊರಗೆ ಬಂದಾಗ ಪಂಢರಿ ಮಾತ್ರ ಕೆಂಡವಾಗಿದ್ದ. ಇಂಥದ್ದು ಕೇಳುವುದು ಮರ್ಯಾದೆಯೇ ಎಂದು ಗೊಣಗಿದ.

ಬೇಸಿಗೆಯಲ್ಲಿ ಒಂದು ಮುಂಜಾನೆ ಬೀದರಿನ ಬಸ್ಸಿನಿಂದ ಕೋಟು ತೊಟ್ಟ ಸಾಹೇಬರೊಬ್ಬರು ಇಳಿದರು. ಚಿಕ್ಕಲಿಂಗಯ್ಯ ಎಂದು ಹೆಸರು, ಮೈಸೂರು ಕಡೆಯಿಂದ ಬಂದ ಸಾಲೆ ಇನ್ಸ್‌ಪೆಕ್ಟರು. ನಮ್ಮ ಕನ್ನಡ ಪತ್ರಿಕೆಗಳನ್ನು ತಿದ್ದಿದವರು ಅವರೇ. ಒಂದು ಕೈಯಲ್ಲಿ ಪತ್ರಿಕೆಗಳ ಕಟ್ಟು. ಹಿಂದೆ ಕಂಡಕ್ಟರನ ಹೆಗಲ ಮೇಲೆ ಒಂದು ಚೀಲ ರವೆ. ನಮ್ಮನ್ನೂ ತಾಯಿತಂದೆಯರನ್ನೂ ಸಾಲೆಯ ಬೇವಿನ ಗಿಡದ ಕೆಳಗೆ ಕರೆಸಿದರು. ಕಾಶೀರಾಮ ಮಾಸ್ತರರು ತಮ್ಮ ನೌಕರಿ ಹೋಯಿತೆಂದೇ ತಿಳಿದು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು.

ಸಾಹೇಬರ ಕಣ್ಣು ತುಂಬಿತ್ತು. "ಮಕ್ಕಳೇ, ಹೆದರಬೇಡಿ. ಇವತ್ತಿನಿಂದ ನಿಮಗೆಲ್ಲ ಬೆಳಗಿನ ತಿಂಡಿ ನಾನೇ ಕೊಡ್ತೀನಿ" ಅಂದರು.

ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು. ಅಜ್ಜಿ ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು.

"ಯಾಕ್ರಿ ಸಾಹೇಬ್ರ, ನಮ್ಮ ಹುಡುಗುರು ನಿಮಗೇನು ಮಾಡ್ಯಾವ್ರಿ?" ಎಂದಳು.

ಸಾಹೇಬರು ಕಕ್ಕಾಬಿಕ್ಕಿಯಾಗಿ ಒಂದೊಂದೇ ಪತ್ರಿಕೆ ತೆಗೆದು ಓದಿದರು. ಒಬ್ಬ ಬರೆದಿದ್ದ, ನಮ್ಮ ಮನೆಯಲ್ಲಿ ತಿಂಡಿ ಮಳೆಗಾಲಕ್ಕೆ ಮಾತ್ರ ಬರುತ್ತದೆ. ಇನ್ನೊಬ್ಬ, ದೇವರ ದಯದಿಂದ ಈ ವರ್ಷ ನಮಗೆ ತಿಂಡಿ ಇಲ್ಲ. ಪಂಢರಿ ಒಂದೇ ಸಾಲಿನಲ್ಲಿ ಮುಗಿಸಿದ್ದ: ನಮ್ಮ ಮನೆಯಲ್ಲಿ ಯಾರಿಗೂ ತಿಂಡಿ ಇಲ್ಲ, ನಮ್ಮದು ಮರ್ಯಾದಸ್ಥರ ಮನೆ. ಇವುಗಳನ್ನು ಓದಿದಂದಿನಿಂದ ತಮಗೆ ಬೆಳಿಗ್ಗೆ ತುತ್ತು ಇಳಿದಿಲ್ಲ ಎಂದರು ಸಾಹೇಬರು.

ಮೊದಲು ನಕ್ಕವರು ಕಾಶೀರಾಮ ಮಾಸ್ತರರು. ವರ್ಷವಿಡೀ ನಗದ ಮನುಷ್ಯ ಟೋಪಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ತಿಂಡಿ ಎಂದರೆ ಇಲ್ಲಿ ಏನೆಂದು ಸಾಹೇಬರಿಗೆ ಕೆರೆದು ತೋರಿಸಿದರು. ಸಾಹೇಬರು ರವೆಯ ಚೀಲದ ಮೇಲೆಯೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡರು. ಊರಿಗೆ ಊರೇ ನಕ್ಕಿತು. ನಾನು ನಗಲಿಲ್ಲ. ಹಾಗಾದರೆ ನಾನು ಬರೆದದ್ದು ತಪ್ಪು ಎಂಬುದು ನನಗೆ ಆಗಲೇ ಹೊಳೆದಿತ್ತು.

ಕೊನೆಗೆ ನನ್ನ ಪತ್ರಿಕೆ ಬಂತು. ಉಳಿದದ್ದಕ್ಕೆಲ್ಲ ಸೇರಿ ಇಪ್ಪತ್ತೊಂಬತ್ತು ಬಂದಿದೆ, ಈ ಪ್ರಶ್ನೆಗೆ ಮಾತ್ರ ಇನ್ನೂ ಅಂಕ ಹಾಕಿಲ್ಲ, ಇದರ ತಲೆಬುಡ ತಿಳಿದಿರಲಿಲ್ಲ ಎಂದು ಹೇಳಿ ಸಾಹೇಬರು ದೊಡ್ಡ ದನಿಯಲ್ಲಿ ಓದತೊಡಗಿದರು. ತಿಂಡಿ ಮೊದಲು ಕುರಿಯ ಕಿವಿಯ ಹಿಂದೆ ಬರುತ್ತದೆ. ತಿಂಡಿ ಬಂದ ಕುರಿಯನ್ನು ಹಿಂಡಿನಿಂದ ಬೇರೆ ಕಟ್ಟಬೇಕು. ಹೊಂಗೆ ಎಣ್ಣೆಯಲ್ಲಿ ಗಂಧಕ ಕಲೆಸಿ, ಬೇವಿನ ತಪ್ಪಲು ಅರೆದು ಸೇರಿಸಿ ಮೂರು ದಿನ ಹಚ್ಚಬೇಕು. ಬಿಸಿಲೇರುವ ಮೊದಲು ಹಚ್ಚಬೇಕು, ಆದ್ದರಿಂದ ಇದು ಬೆಳಗಿನ ಕೆಲಸ. ಹಚ್ಚಿದವರು ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು. ನಮ್ಮ ಅಪ್ಪ ಹಚ್ಚಿದ ಕುರಿ ಇಲ್ಲಿಯವರೆಗೆ ಒಂದೂ ಸತ್ತಿಲ್ಲ.

ಗುಂಪಿನ ಹಿಂದೆ ಕೋಲಿಗೆ ಗದ್ದ ಊರಿ ನಿಂತಿದ್ದ ಅಪ್ಪ ಮುಂದೆ ಬಂದ. ಇನ್ನೊಮ್ಮೆ ಓದಿರಿ ಎಂದ. ಸಾಹೇಬರು ಓದಿದರು. ಬರವಣಿಗೆಯೇನೋ ಚೆನ್ನಾಗಿದೆ, ಆದರೆ ಕೇಳಿದ್ದು ಬೇರೆ, ನಿಯಮದ ಪ್ರಕಾರ ಸೊನ್ನೆ ಹಾಕಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ನಾನು ಬೆರಳಲ್ಲಿ ಎಣಿಸಿದೆ, ಮೂವತ್ತೈದಕ್ಕೆ ಆರು ಕಡಿಮೆ.

"ನೀವು ತಿಂಡಿ ಕೇಳೀರಿ, ಆಕಿ ತಿಂಡಿ ಹೇಳ್ಯಾಳ" ಎಂದ ಅಪ್ಪ. "ಬರದದ್ದರಾಗ ತಪ್ಪು ಎಲ್ಲಿ ಅದ ಹುಡುಕ್ರಿ, ನೋಡೋಣು."

ಸಾಹೇಬರು ಕನ್ನಡಕ ಏರಿಸಿ ಹುಡುಕಿದರು. ಬಹಳ ಹೊತ್ತು ಹುಡುಕಿದರು. ಕಲೆಸಿ ಎಂಬಲ್ಲಿ ಒಂದು ಒತ್ತಕ್ಷರ ಹೆಚ್ಚಾಗಿತ್ತು, ಅಷ್ಟೇ. ಆಮೇಲೆ ಕೆಂಪು ಪೆನ್ಸಿಲ್ ತೆಗೆದು, ತಪ್ಪು ಪ್ರಶ್ನೆಯದು, ಉತ್ತರದ್ದಲ್ಲ ಎಂದು ಅಂಚಿನಲ್ಲಿ ಬರೆದು ಸಹಿ ಮಾಡಿ ಒಂಬತ್ತು ಅಂಕ ಹಾಕಿದರು. ಉಳಿದ ಹತ್ತು ಮಂದಿಯ ತಿಂಡಿಗೂ ಅದೇ ನ್ಯಾಯದಲ್ಲಿ ಅಂಕ ಬಿತ್ತು. ಪಂಢರಿಯ ಮರ್ಯಾದೆಗೆ ಒಂದು ಸಾಲಿನ ಲೆಕ್ಕದಲ್ಲಿ ಒಂದೇ ಸಿಕ್ಕಿತು, ಆದರೂ ಅವನು ಮೂವತ್ತೈದು ದಾಟಿದ. ಅಷ್ಟರಲ್ಲಿ ಅಕ್ತರಬೀ ರವೆಯ ಚೀಲ ಬಿಚ್ಚಿ ಒಲೆ ಹೂಡಿಸಿದ್ದಳು.

ಎಲ್ಲರೂ ಅತ್ತ ಹೋದರು. ಅಪ್ಪ ಮಾತ್ರ ಸಾಹೇಬರಿಂದ ನನ್ನ ಪತ್ರಿಕೆ ಕೇಳಿ ತೆಗೆದುಕೊಂಡು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದ. ನಾನು ಅದನ್ನು ಸರಿಮಾಡಿ ಕೊಟ್ಟೆ. ತನ್ನ ಸುದ್ದಿ ಎಲ್ಲಿದೆ ಎಂದು ಕೇಳಿದ. ಕೊನೆಯ ಸಾಲಿನ ಮೇಲೆ ಅವನ ಬೆರಳು ಹಿಡಿದು ಇಟ್ಟೆ. ಅಪ್ಪ ಎಂಬ ಎರಡಕ್ಷರವನ್ನು ಅವನು ಒರಟು ಬೆರಳಿನಿಂದ ಎರಡು ಸಲ ಸವರಿದ.

"ಬರೇ ಅಪ್ಪ ಅಂತ ಬರದೀದಿ. ಮುಂದ ಧೊಂಡಿಬಾ ಅಂತ ಹೆಸರು ಹಾಕಿ ಬರಿ" ಎಂದ. "ಬೀದರದಾಗ ನನ್ನ ಗುರುತು ಯಾರಿಗೂ ಇಲ್ಲ."